ರಸ್ತೆಯಲ್ಲಿ ಹೋದ ಜೀವದ ಲೆಕ್ಕ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ, ಸೂಳೆಕೆರೆಯ ಆಸುಪಾಸಿನ ದೊಡ್ಡ ಗ್ರಾಮ. ಈ ಸೀಮೆಯಲ್ಲಿ ಒಂದು ಕಡೆ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳು, ಇನ್ನೊಂದು ಕಡೆ ವರ್ಷದಿಂದ ವರ್ಷಕ್ಕೆ ಹಬ್ಬುತ್ತಿರುವ ಅಡಿಕೆ ತೋಟಗಳು. ಕೊಯ್ಲಿನ ಕಾಲ ಬಂತೆಂದರೆ ಗೊನೆ ಇಳಿಸುವ ಆಳುಗಳು, ಅಡಿಕೆ ಸುಲಿಯುವ ಹೆಂಗಸರು ಟ್ರಾಕ್ಟರಿನ ಟ್ರೈಲರಿನಲ್ಲೋ ಲಗೇಜು ಆಟೊದಲ್ಲೋ ಒತ್ತೊತ್ತಾಗಿ ಕುಳಿತು ಕೆಲಸಕ್ಕೆ ಹೋಗುವುದು ಇಲ್ಲಿಯ ನಿತ್ಯದ ನೋಟ. ಇಂಥ ಗಾಡಿ ಮಗುಚಿದಾಗ ಏನಾಗುತ್ತದೆ ಎಂಬುದು ಕೆರೆಬಿಳಚಿಗೆ ಮಾತ್ರವಲ್ಲ, ರಾಜ್ಯದ ಯಾವ ಹಳ್ಳಿಗೂ ಹೊಸದಲ್ಲ. ಗಾಯಾಳು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ನಾಲ್ಕು ಜನ ಹಿರಿಯರು ಸೇರುತ್ತಾರೆ. ಗಾಡಿಯ ಮಾಲೀಕ ಅದೇ ಊರಿನವನು, ನಾಳೆ ಮತ್ತೆ ಅವನ ತೋಟಕ್ಕೇ ಕೂಲಿಗೆ ಹೋಗಬೇಕು. 'ಆಸ್ಪತ್ರೆ ಖರ್ಚು ಅವರೇ ನೋಡಿಕೊಳ್ಳುತ್ತಾರೆ, ಮೇಲೆ ಒಂದಿಷ್ಟು ಕೊಡುತ್ತಾರೆ, ಪೊಲೀಸು ಕೇಸು ಯಾಕೆ?' ಎಂಬ ಮಾತಿಗೆ ಮನೆಯವರು ತಲೆಯಾಡಿಸುತ್ತಾರೆ. ಕೈಗೆ ಬಂದ ಹಣವನ್ನು ಮಾಲೀಕನ ದೊಡ್ಡತನವೆಂದೇ ತಿಳಿಯುತ್ತಾರೆ.

ಕಾನೂನು ಅದನ್ನು ದೊಡ್ಡತನವೆಂದು ತಿಳಿಯುವುದಿಲ್ಲ. ಅದು ಗಾಯಾಳುವಿಗೆ ಸಲ್ಲಬೇಕಾದ ಬಾಕಿ. ಆದರೆ ಹೀಗೆ ತಿಳಿಯುವುದಕ್ಕೆ ಕಾನೂನಿಗೇ ಬಹಳ ಕಾಲ ಬೇಕಾಯಿತು.

ಸತ್ತವನ ಮನೆಯವರಿಗೆ ಏನಾದರೂ ಕೊಡಬೇಕೆಂಬ ಭಾವನೆ ಕನ್ನಡ ನಾಡಿಗೆ ಹೊಸದಲ್ಲ. ಶಾಸನಗಳಲ್ಲಿ 'ನೆತ್ತರುಗೊಡಗೆ' ಎಂಬ ಮಾತು ಬರುತ್ತದೆ. ಊರಿನ ಕಾಳಗದಲ್ಲೋ ತುರುಗಳನ್ನು ಬಿಡಿಸಿ ತರುವಾಗಲೋ ಮಡಿದವನ ಕುಟುಂಬಕ್ಕೆ ಕೊಟ್ಟ ಭೂಮಿ ಅದು, ನೆತ್ತರಿಗೆ ಬದಲಾಗಿ ಕೊಟ್ಟ ಕೊಡುಗೆ. ಅವನ ಹೆಸರಿನಲ್ಲಿ ವೀರಗಲ್ಲು ನಿಲ್ಲುತ್ತಿತ್ತು, ಹೆಂಡತಿ ಮಕ್ಕಳಿಗೆ ತುಂಡು ನೆಲ ಸಿಗುತ್ತಿತ್ತು. ಒಳ್ಳೆಯ ಪದ್ಧತಿಯೇ. ಆದರೆ ಅದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕೊಡುತ್ತಿದ್ದವನು ಅರಸ, ನಾಡಗೌಡ ಅಥವಾ ಊರು, ಕೊಂದವನಲ್ಲ. ಮತ್ತೆ, ಸಾವು ವೀರಮರಣವಾಗಿರಬೇಕಿತ್ತು. ಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತ ಆಳಿಗೆ ಯಾರೂ ಕಲ್ಲು ನೆಡಿಸಲಿಲ್ಲ. ನೆತ್ತರುಗೊಡಗೆ ಸೇವೆಗೆ ಸಂದ ಮನ್ನಣೆಯಾಗಿತ್ತೇ ಹೊರತು ನಷ್ಟಕ್ಕೆ ತೆತ್ತ ದಂಡವಾಗಿರಲಿಲ್ಲ.

ಈಗಿನ ಪರಿಹಾರದ ಕಾನೂನು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿಯ ಹಳೆಯ ನ್ಯಾಯವಾದರೂ ವಿಚಿತ್ರವಾಗಿತ್ತು. 1808ರಲ್ಲಿ ಒಂದು ಪ್ರಯಾಣದ ಕುದುರೆ ಗಾಡಿ ಮಗುಚಿ, ಒಬ್ಬ ಹೆಂಗಸು ತೀವ್ರವಾಗಿ ಗಾಯಗೊಂಡು ತಿಂಗಳ ನಂತರ ತೀರಿಕೊಂಡಳು. ಗಂಡ ದಾವೆ ಹೂಡಿದ. ಹೆಂಡತಿ ಗಾಯಗೊಂಡು ನರಳಿದ ದಿನಗಳಿಗೆ ನಷ್ಟ ಕೇಳಬಹುದು, ಸತ್ತ ಮೇಲಿನದಕ್ಕೆ ಕೇಳುವಂತಿಲ್ಲ, ಮನುಷ್ಯನ ಸಾವನ್ನು ಸಿವಿಲ್ ನಷ್ಟವೆಂದು ದೂರುವಂತಿಲ್ಲ ಎಂದು ನ್ಯಾಯಾಧೀಶ ಲಾರ್ಡ್ ಎಲೆನ್‌ಬರೊ ಹೇಳಿದರು. ಹಾಗಾಗಿ ಕೈಕಾಲು ಮುರಿಯುವುದಕ್ಕಿಂತ ಕೊಂದುಬಿಡುವುದೇ ಅಗ್ಗವಾಯಿತು! ರೈಲು ಬಂದು ಸಾವುಗಳು ಹೆಚ್ಚಿದ ಮೇಲೆ ಈ ನಿಯಮ ನಿಲ್ಲಲಿಲ್ಲ. 1846ರಲ್ಲಿ ಲಾರ್ಡ್ ಕ್ಯಾಂಪ್‌ಬೆಲ್ಲರ ಕಾಯಿದೆ ಬಂದು, ಸತ್ತವನ ಹತ್ತಿರದ ಬಂಧುಗಳಿಗೆ ದಾವೆಯ ಹಕ್ಕು ದೊರೆಯಿತು.

ಅದೇ ಮಾದರಿಯಲ್ಲಿ 1855ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಮಾರಕ ಅಪಘಾತಗಳ ಕಾಯಿದೆ ಜಾರಿಗೆ ಬಂತು. ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳು ಪರಿಹಾರ ಕೇಳಬಹುದಾಗಿತ್ತು; ಒಡಹುಟ್ಟಿದವರು ಕೇಳುವಂತಿರಲಿಲ್ಲ. ಸಿವಿಲ್ ದಾವೆ ಹೂಡಿ, ಎದುರಾಳಿಯ ತಪ್ಪನ್ನು ಸಾಕ್ಷಿಸಮೇತ ಸ್ಥಾಪಿಸಿ, ವರ್ಷಗಟ್ಟಲೆ ಕಾಯುವ ಶಕ್ತಿ ಯಾರಿಗಿತ್ತೋ ಅವರಿಗೆ ಈ ಹಕ್ಕು. ಉಳಿದವರ ಪಾಲಿಗೆ ಅದು ಕಾಗದದ ಮೇಲೆಯೇ ಉಳಿಯಿತು. ಕಾರ್ಮಿಕರಿಗೆ ಮಾತ್ರ 1923ರ ಕಾಯಿದೆಯಿಂದ ಬೇರೆ ದಾರಿ ತೆರೆಯಿತು. ಕೆಲಸದ ವೇಳೆ ಗಾಯಗೊಂಡರೆ ಮಾಲೀಕನ ತಪ್ಪನ್ನು ತೋರಿಸದೆಯೂ ಪರಿಹಾರ ಪಡೆಯಬಹುದಾದ ದಾರಿ ಅದು. ಲಾರಿಯ ಚಾಲಕ, ಕ್ಲೀನರುಗಳಿಗೆ ಮುಂದೆ ಇದು ಬಹಳ ಒದಗಿತು.

ಮೋಟಾರು ವಾಹನಗಳ ಮೊದಲ ಸಮಗ್ರ ಕಾಯಿದೆ 1939ರದು. ಅದರಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. 'ಮೂರನೇ ವ್ಯಕ್ತಿಯ ವಿಮೆ' ಎಂಬ ಮಾತು ಅಂದಿನಿಂದ ಬಂದದ್ದು. ವಿಮಾ ಕಂಪೆನಿ ಒಂದನೆಯವನು, ಗಾಡಿಯ ಮಾಲೀಕ ಎರಡನೆಯವನು, ಇವರಿಬ್ಬರ ಕರಾರಿನ ಹೊರಗೆ ರಸ್ತೆಯಲ್ಲಿ ನಡೆದು ಹೋಗುತ್ತಿರುವವನು ಮೂರನೆಯವನು. ಅವನು ಒಂದು ಪೈಸೆ ಕಂತು ಕಟ್ಟಿಲ್ಲ, ಆದರೂ ವಿಮೆ ಇರುವುದು ಅವನಿಗಾಗಿ. ಮಾಲೀಕನ ಕೈ ಖಾಲಿಯಿದ್ದರೂ ಗಾಯಾಳು ಬರಿಗೈಯಲ್ಲಿ ಹೋಗಬಾರದೆಂಬುದು ಇದರ ತಿರುಳು. ಊರಿನ ರಾಜಿಯಲ್ಲಿ ಮರೆತುಹೋಗುವ ಸಂಗತಿಯೂ ಇದೇ. ಸರಿಯಾದ ವಿಮೆಯಿದ್ದಲ್ಲಿ ಪರಿಹಾರ ಹೋಗುವುದು ನೆರೆಮನೆಯ ಮಾಲೀಕನ ಜೇಬಿನಿಂದಲ್ಲ. ಆರಂಭದಲ್ಲಿ ವಿಮಾ ಕಂಪೆನಿಯ ಹೊಣೆಗೆ ಮಿತಿಯಿತ್ತು. ಲಾರಿಯ ಅಪಘಾತವೊಂದಕ್ಕೆ ಒಟ್ಟು 20,000 ರೂಪಾಯಿ. ಅದು 50,000ಕ್ಕೂ, 1982ರಲ್ಲಿ ಒಂದೂವರೆ ಲಕ್ಷಕ್ಕೂ ಏರಿತು. 1988ರ ಹೊಸ ಕಾಯಿದೆ ಸಾವು ಮತ್ತು ಗಾಯಗಳ ಮಟ್ಟಿಗೆ ಈ ಮಿತಿಯನ್ನು ತೆಗೆದುಹಾಕಿತು.

1956ರ ತಿದ್ದುಪಡಿ ಇನ್ನೊಂದು ದೊಡ್ಡ ಹೆಜ್ಜೆ. ಸಿವಿಲ್ ದಾವೆಯ ಬದಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಬಂದವು. ಅತ್ಯಲ್ಪ ಶುಲ್ಕ, ಸರಳ ಅರ್ಜಿ. ಆದರೆ ಅರ್ಜಿ ಹಾಕಲು ಕೊಟ್ಟ ಅವಧಿ ಕೇವಲ 60 ದಿನ. ಸೂತಕ ಕಳೆದು, ಆಸ್ಪತ್ರೆಯ ಸಾಲ ಎಣಿಸಿ, ವಕೀಲರ ಮನೆ ಹುಡುಕುವಷ್ಟರಲ್ಲಿ ಅರವತ್ತು ದಿನ ಮುಗಿದಿರುತ್ತದೆ ಎಂಬುದು ಕಾಯಿದೆ ಬರೆದವರಿಗೆ ಹೊಳೆಯಲಿಲ್ಲ. 1969ರ ತಿದ್ದುಪಡಿ ಅದನ್ನು ಆರು ತಿಂಗಳು ಮಾಡಿತು.

ಅಷ್ಟಾದರೂ ಒಂದು ತೊಡಕು ಉಳಿದೇ ಇತ್ತು. ತಪ್ಪು ಯಾರದು? ಚಾಲಕನ ನಿರ್ಲಕ್ಷ್ಯವನ್ನು ತೋರಿಸದಿದ್ದರೆ ಪರಿಹಾರವಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ರಾತ್ರಿ ಹೊತ್ತಿನ ಅಪಘಾತ, ಕಂಡವರಿಲ್ಲ, ಕಂಡವರಿದ್ದರೂ ಕೋರ್ಟಿಗೆ ಬರುವವರಿಲ್ಲ. ಸತ್ತವನಂತೂ ಸಾಕ್ಷಿ ಹೇಳಲಾರ. ಈ ಕಟ್ಟನ್ನು ಸ್ವಲ್ಪ ಸಡಿಲಿಸಿದ್ದು 1982ರ ತಿದ್ದುಪಡಿ. ತಪ್ಪು ಯಾರದೇ ಇರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಲೇಬೇಕೆಂದಾಯಿತು. ಮೊತ್ತ ಸಣ್ಣದು, ತತ್ತ್ವ ಮಾತ್ರ ದೊಡ್ಡದು. 1988ರ ಕಾಯಿದೆಯಲ್ಲಿ ಇದು 25,000 ಮತ್ತು 12,000 ಆಯಿತು. 1994ರಲ್ಲಿ 50,000 ಮತ್ತು 25,000. ಈಗ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯವಸ್ಥೆಯಂತೆ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಇದನ್ನು ಒಪ್ಪಿಕೊಂಡವರ ಹೆಚ್ಚಿನ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯುತ್ತದೆ ಎಂಬುದನ್ನು ಮಾತ್ರ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಪರಿಹಾರ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಮಂಡ್ಯ ಜಿಲ್ಲೆಯವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು ಮುಖ್ಯರು, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು. ಗುಜರಾತಿನಲ್ಲಿ ಸರ್ಕಾರಿ ಬಸ್ಸಿಗೆ ಸಿಕ್ಕಿ ಹುಡುಗನೊಬ್ಬ ಸತ್ತಾಗ ಅರ್ಜಿ ಹಾಕಿದವರು ಅವನ ಅಣ್ಣತಮ್ಮಂದಿರು. 1855ರ ಕಾಯಿದೆಯ ಪಟ್ಟಿಯಲ್ಲಿ ಅಣ್ಣತಮ್ಮಂದಿರಿಲ್ಲ ಎಂಬುದು ಸಾರಿಗೆ ನಿಗಮದ ವಾದ. 1987ರ ತೀರ್ಪಿನಲ್ಲಿ ವೆಂಕಟರಾಮಯ್ಯನವರು ಆ ಹಳೆಯ ಪಟ್ಟಿಯನ್ನು ಬದಿಗಿಟ್ಟರು. ಮೋಟಾರು ಕಾಯಿದೆ ಹೇಳುವುದು ಕಾನೂನುಬದ್ಧ ವಾರಸುದಾರರನ್ನು. ಭಾರತದ ಕುಟುಂಬಗಳಲ್ಲಿ ಅಣ್ಣತಮ್ಮಂದಿರು, ಅವರ ಮಕ್ಕಳು ಒಬ್ಬರನ್ನೊಬ್ಬರು ನೆಚ್ಚಿ ಬದುಕುತ್ತಾರೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಕೂಡುಕುಟುಂಬವನ್ನು ಕಂಡವರ ಕಣ್ಣು ಈ ತೀರ್ಪಿನಲ್ಲಿದೆ.

ಎಲ್ಲಿ ಅರ್ಜಿ ಹಾಕಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ. 1994ರವರೆಗೆ ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಗೇ ಹೋಗಬೇಕಿತ್ತು. ಕೆರೆಬಿಳಚಿಯ ಹುಡುಗನೊಬ್ಬ ಪುಣೆ ರಸ್ತೆಯಲ್ಲಿ ಲಾರಿಯಡಿ ಸಿಕ್ಕು ಸತ್ತ ಎಂದಿಟ್ಟುಕೊಳ್ಳೋಣ. ಅವನ ತಾಯಿ ಭಾಷೆ ಬಾರದ ಊರಿಗೆ ಪ್ರತಿ ವಾಯಿದೆಗೂ ಬಸ್ಸು ಹಿಡಿದು ಹೋಗಬೇಕಿತ್ತು. 1994ರ ನವೆಂಬರ್ 14ರಂದು ಜಾರಿಗೆ ಬಂದ ತಿದ್ದುಪಡಿ, ಅರ್ಜಿದಾರರು ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದೆಂದಿತು. ಆಗ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಆ ತಾಯಿಯ ಪಯಣ ಪುಣೆಯಿಂದ ಜಿಲ್ಲಾ ಕೇಂದ್ರಕ್ಕೆ ಇಳಿಯಿತೆಂದರೆ ಅದು ಎಷ್ಟೋ ಕುಟುಂಬಗಳು ಪ್ರಕರಣವನ್ನು ಕೈಬಿಡದೆ ನಡೆಸುವುದಕ್ಕೆ ಸಾಕಾಗುವಷ್ಟು ದೊಡ್ಡ ಸಹಾಯ.

ಎಷ್ಟು ಕೊಡಬೇಕು? ಹಿಂದೆ ಇದು ಆಯಾ ನ್ಯಾಯಾಧೀಶರ ಅಂದಾಜಿಗೆ ಬಿಟ್ಟ ವಿಷಯ. ಒಂದೇ ವಯಸ್ಸು, ಒಂದೇ ದುಡಿಮೆಯ ಇಬ್ಬರು ಸತ್ತರೆ ಒಂದು ಜಿಲ್ಲೆಯಲ್ಲಿ ಒಂದು ಮೊತ್ತ, ಪಕ್ಕದಲ್ಲಿ ಇನ್ನೊಂದು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್ ಅವರು 2009ರ ಸರಳಾ ವರ್ಮಾ ಪ್ರಕರಣದಲ್ಲಿ ಇದಕ್ಕೆ ಒಂದು ಕೋಷ್ಟಕ ಕೊಟ್ಟರು. 2017ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಒಪ್ಪಿ, ಸ್ವಂತ ದುಡಿಮೆಯವರಿಗೂ ಮುಂದೆ ಏರಬಹುದಾದ ಆದಾಯವನ್ನು ಸೇರಿಸಿಕೊಳ್ಳಬೇಕೆಂದಿತು.

ಲೆಕ್ಕ ಹೀಗೆ ನಡೆಯುತ್ತದೆ. 35 ವರ್ಷದ ಕೂಲಿಯವನೊಬ್ಬ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನ ದುಡಿಮೆಯನ್ನೇ ನಂಬಿದವರು. ತಿಂಗಳ ಆದಾಯ 12,000 ರೂಪಾಯಿ ಎಂದುಕೊಂಡರೆ, ನಲವತ್ತರೊಳಗಿನವನಾದ್ದರಿಂದ ಅದಕ್ಕೆ ಶೇ 40 ಸೇರಿಸಬೇಕು, 16,800 ಆಯಿತು. ವರ್ಷಕ್ಕೆ 2,01,600. ಅವಲಂಬಿತರು ನಾಲ್ವರಿರುವುದರಿಂದ ಅವನ ಸ್ವಂತ ಖರ್ಚೆಂದು ಕಾಲುಭಾಗ ಕಳೆದರೆ ಉಳಿಯುವುದು 1,51,200. ಆ ವಯಸ್ಸಿನ ಗುಣಕ 16. ಗುಣಿಸಿದರೆ 24,19,200 ರೂಪಾಯಿ. ಅಂತ್ಯಕ್ರಿಯೆ, ದಾಂಪತ್ಯ ಸುಖದ ನಷ್ಟ ಮುಂತಾದವು ಇದರ ಮೇಲೆ. ಅದೇ ಮನುಷ್ಯನಿಗೆ 12,000ಕ್ಕೆ ದಾಖಲೆ ಇಲ್ಲ, 8,000 ಮಾತ್ರ ಹಿಡಿಯುತ್ತೇವೆ ಎಂದರೆ ಮೊತ್ತ 16,12,800ಕ್ಕೆ ಇಳಿಯುತ್ತದೆ. ಎಂಟು ಲಕ್ಷದ ವ್ಯತ್ಯಾಸ. ಕೋಷ್ಟಕ ಎಷ್ಟೇ ನಿಖರವಾಗಿರಲಿ, ಅದಕ್ಕೆ ಮೊದಲು ಹಾಕುವ ಅಂಕಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಆ ಅಂಕಿಗಾಗಿ ಹೋರಾಡಿದವರಲ್ಲಿ ಕರ್ನಾಟಕದ ಒಬ್ಬ ಕೂಲಿಕಾರರೂ ಇದ್ದಾರೆ. 2004ರ ಅಪಘಾತದಲ್ಲಿ ಗಾಯಗೊಂಡ ಅವರು ತಮ್ಮ ಆದಾಯ ತಿಂಗಳಿಗೆ 4,500 ರೂಪಾಯಿ ಎಂದರು. ನ್ಯಾಯಮಂಡಳಿ ದಾಖಲೆ ಇಲ್ಲವೆಂದು 3,000ಕ್ಕೆ ಇಳಿಸಿತು. ಕೂಲಿಯವನ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು ಎಂಬ ನೆಲೆಯಲ್ಲಿ ಯೋಚಿಸಿದ ಸುಪ್ರೀಂ ಕೋರ್ಟು 2011ರಲ್ಲಿ 4,500ನ್ನೇ ಒಪ್ಪಿತು. ಇಂದಿಗೂ ಕರ್ನಾಟಕದ ವಕೀಲರು ದಾಖಲೆಯಿಲ್ಲದ ಕಕ್ಷಿದಾರರ ಪರವಾಗಿ ಮುಂದಿಡಬಹುದಾದ ತೀರ್ಪು ಅದು.

ಹೆಂಗಸರ ದುಡಿಮೆಯ ಕಥೆ ಇನ್ನೂ ನಿಧಾನದ್ದು. 1994ರ ಕೋಷ್ಟಕದಲ್ಲಿ ಮನೆಯೊಳಗಿನ ಗೃಹಿಣಿಯ ಬೆಲೆ ಗಂಡನ ಆದಾಯದ ಮೂರನೇ ಒಂದು ಭಾಗ. 2001ರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಎಂದು ಸ್ವತಂತ್ರವಾಗಿ ಅಂದಾಜು ಮಾಡಿತು. 2021ರಲ್ಲಿ, ಮನೆಗೆಲಸಕ್ಕೆ ಆದಾಯ ಕಟ್ಟುವುದು ಉಪಕಾರವಲ್ಲ, ಸಮಾನತೆಯ ಸಂವಿಧಾನಾತ್ಮಕ ಹೊಣೆ ಎಂಬರ್ಥದಲ್ಲಿ ಹೇಳಿತು. ಬೆಳಗ್ಗೆ ಮನೆಗೆಲಸ ಮುಗಿಸಿ ಆಮೇಲೆ ಅಡಿಕೆ ಸುಲಿಯಲು ಹೋಗುವ ಹೆಂಗಸಿನ ದುಡಿಮೆ ಎರಡು ಪಾಲಿನದು. ಅರ್ಜಿಯಲ್ಲಿ ಹಲವು ಬಾರಿ ಒಂದನ್ನೂ ಸರಿಯಾಗಿ ಬರೆದಿರುವುದಿಲ್ಲ.

ಆದಾಯವನ್ನೇ ಅಳತೆಗೋಲು ಮಾಡಿಕೊಂಡ ಲೆಕ್ಕಕ್ಕೆ ಮತ್ತೊಂದು ಮುಖವಿದೆ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಕಂದರಕ್ಕೆ ಉರುಳಿ 158 ಜನ ಸತ್ತರು. ಅವರಲ್ಲೊಬ್ಬ ಉನ್ನತ ಹುದ್ದೆಯವರ ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು ಸುಮಾರು 7.64 ಕೋಟಿ ರೂಪಾಯಿ ನೀಡಿತು. ವಿಮಾನ ಅಪಘಾತದ ಕಾನೂನು ಬೇರೆ, ಆದರೂ ಲೆಕ್ಕದ ಬುಡ ಒಂದೇ: ಬದುಕಿದ್ದಾಗ ಎಷ್ಟು ದುಡಿಯುತ್ತಿದ್ದರು? ತೀರ್ಪಿನಲ್ಲಿ ತಪ್ಪು ಹುಡುಕುವಂತಿಲ್ಲ. ಬದುಕಿನ ಅಸಮಾನತೆ ಸತ್ತ ಮೇಲೂ ಗುಣಕದಿಂದ ಗುಣಿಸಿಕೊಂಡು ಹೋಗುತ್ತದೆ, ಅಷ್ಟೆ.

ಸಾವಿಗಿಂತ ಗಾಯದ ಲೆಕ್ಕ ಕಷ್ಟ. ವೈದ್ಯರು ಕಾಲಿಗೆ ಶೇ 30 ವೈಕಲ್ಯ ಎಂದು ಬರೆದರೆ ಗಾಯಾಳು ಕಳೆದುಕೊಂಡದ್ದು ದುಡಿಮೆಯ ಶೇ 30 ಮಾತ್ರವೇ? ನ್ಯಾಯಮೂರ್ತಿ ರವೀಂದ್ರನ್ ಅವರದೇ 2010ರ ಇನ್ನೊಂದು ತೀರ್ಪು ಈ ಎರಡನ್ನೂ ಬೇರ್ಪಡಿಸಿತು. ದೇಹದ ವೈಕಲ್ಯ ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ. ಕಚೇರಿಯ ಗುಮಾಸ್ತ ಕುಂಟುತ್ತಲೂ ಸಂಬಳ ತರಬಹುದು. ಅಡಿಕೆ ಮರ ಹತ್ತಿ ಹೊಟ್ಟೆ ಹೊರೆಯುವವನಿಗೆ ಅದೇ ಗಾಯ ಬಹುಪಾಲು ಕಸುಬನ್ನೇ ಕಸಿಯುತ್ತದೆ. ಹಾಗಾಗಿ ಗಾಯಾಳು ಏನು ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಯಾವುದನ್ನು ಮಾಡಲಾರ ಎಂಬುದನ್ನು ಸಾಕ್ಷ್ಯದಲ್ಲಿ ಬಿಡಿಸಿ ಹೇಳಬೇಕು. ನೋವು, ಚಿಕಿತ್ಸೆಯ ಖರ್ಚು, ಮಲಗಿದ್ದ ತಿಂಗಳುಗಳ ಕೂಲಿ, ನೋಡಿಕೊಂಡವರ ಖರ್ಚು, ಮುಂದಿನ ಶಸ್ತ್ರಚಿಕಿತ್ಸೆ, ಎಲ್ಲಕ್ಕೂ ಬೇರೆ ಬೇರೆಯಾಗಿ ಕೇಳಬಹುದು.

ಈಗ ಮತ್ತೆ ಆ ಟ್ರಾಕ್ಟರಿನ ಬಳಿಗೆ. ವಿಮೆ ಇದ್ದರೂ ಅದು ಟ್ರೈಲರಿನಲ್ಲಿ ಕುಳಿತವರಿಗೆ ಒದಗುತ್ತದೆಯೇ? ಬಡವರ ಪ್ರಯಾಣಕ್ಕೆ ಕಾನೂನು ಬಹಳ ಬಿಗಿಯಾಗಿರುವುದು ಇಲ್ಲಿ. ಸರಕು ಸಾಗಿಸುವ ಗಾಡಿಯಲ್ಲಿ ಪ್ರಯಾಣಿಕರಾಗಿ ಕುಳಿತವರಿಗೆ ಕಡ್ಡಾಯ ವಿಮೆ ಅನ್ವಯಿಸುವುದಿಲ್ಲ ಎಂದು 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಅದೇ ನ್ಯಾಯಾಲಯ ಇದಕ್ಕೆ ವಿರುದ್ಧವಾಗಿ ಹೇಳಿತ್ತು. 1994ರ ತಿದ್ದುಪಡಿಯ ಪ್ರಕಾರ ತನ್ನ ಸರಕಿನ ಜೊತೆ ಹೋಗುವ ಮಾಲೀಕ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ. ಗಾಡಿಯ ಮಾಲೀಕನ ನೌಕರರಾಗಿ ಹೋಗುತ್ತಿದ್ದವರ ಸ್ಥಿತಿಯೂ ಬೇರೆ. ಇವೆರಡೂ ಅಲ್ಲವಾದರೆ ಹೊಣೆ ಮಾಲೀಕನ ಮೇಲೆಯೇ ಬೀಳುತ್ತದೆ, ಅವನ ಜಮೀನಿನ ಮೇಲೆಯೂ. ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲದಂಥ ಸಂದರ್ಭಗಳಲ್ಲಿ ಕಂಪೆನಿ ಮೊದಲು ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ದಾರಿಯನ್ನು 2004ರ ಸ್ವರಣ್ ಸಿಂಗ್ ತೀರ್ಪು ಗಟ್ಟಿ ಮಾಡಿತು. ರಾಜಿಗೆ ಕೂತ ಹಿರಿಯರಿಗೆ ಇದು ಗೊತ್ತಿರುವುದು ಅಪರೂಪ. ಗಾಡಿಯ ವಿಮೆಯ ಕಾಗದವನ್ನು ಅಂದು ಯಾರೂ ತೆಗೆದು ನೋಡುವುದಿಲ್ಲ.

ಅರ್ಜಿಯ ಗಡುವಿನ ಕಥೆಯೂ ಮುಗಿದಿಲ್ಲ. 1994ರ ತಿದ್ದುಪಡಿ ಗಡುವನ್ನೇ ತೆಗೆದುಹಾಕಿತ್ತು. ಸುಮಾರು 27 ವರ್ಷ ಅಪಘಾತ ನಡೆದು ಎಷ್ಟೇ ಕಾಲವಾಗಿದ್ದರೂ ಅರ್ಜಿ ಹಾಕಬಹುದಾಗಿತ್ತು. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ಸಿಂಧುತ್ವ ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ, ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನೆಚ್ಚಿ ತಡಮಾಡುವುದು ಜಾಣತನವಲ್ಲ. ಪೊಲೀಸರು ಕಳಿಸುವ ಅಪಘಾತ ವರದಿಯನ್ನೇ ಅರ್ಜಿಯೆಂದು ಪರಿಗಣಿಸಬೇಕೆಂಬ ನಿಯಮ 1994ರಿಂದಲೂ ಇದೆ. ಆದರೆ ವರದಿ ಇರಬೇಕಾದರೆ ಮೊದಲು ದೂರು ಇರಬೇಕು. ದೂರು ತಡವಾಯಿತೆಂಬ ಮಾತ್ರಕ್ಕೆ ಪರಿಹಾರ ನಿರಾಕರಿಸಬಾರದು, ಮನೆಯವರು ಮೊದಲು ಓಡುವುದು ಆಸ್ಪತ್ರೆಗೇ ಹೊರತು ಠಾಣೆಗಲ್ಲ ಎಂಬರ್ಥದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಲ್ಲಿ ಅಪಘಾತದ ದಿನದಿಂದ ಏಳು ದಿನ, ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದಿಲ್ಲದ ಚಿಕಿತ್ಸೆಗೆ ಅವಕಾಶವಿದೆ.

ತೀರ್ಪು ಬಂದ ಮೇಲೂ ಕೆಲಸ ಉಳಿದಿರುತ್ತದೆ. ಹಣ ಕಟ್ಟದ ಸಾರಿಗೆ ಸಂಸ್ಥೆಯ ಬಸ್ಸನ್ನು ಕೋರ್ಟಿನ ಅಮೀನರು ಜಪ್ತಿ ಮಾಡಿ ನ್ಯಾಯಾಲಯದ ಆವರಣದಲ್ಲಿ ನಿಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹಣ ಬಂದರೂ ಅದು ಪೂರ್ತಿ ಕೈಗೆ ಬರುವುದಿಲ್ಲ. ಅಪ್ರಾಪ್ತ ಮಕ್ಕಳ ಮತ್ತು ಓದು ಬಾರದವರ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂದು ಕೇರಳದ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಮಾರ್ಗಸೂಚಿ ಹಾಕಿಕೊಟ್ಟಿದೆ. ಬಂಧುಗಳು, ಮಧ್ಯವರ್ತಿಗಳು ಹಣ ಕರಗಿಸದಿರಲಿ ಎಂಬ ಕಾಳಜಿ ಅದರದು. ಆ ತಾಯಿಗೆ ಬಡ್ಡಿ ಬರುತ್ತಿರುತ್ತದೆ. ಮಗಳ ಕಾಲೇಜು ಶುಲ್ಕಕ್ಕೋ ಆಸ್ಪತ್ರೆಗೋ ಅಸಲಿನಲ್ಲಿ ಸ್ವಲ್ಪ ಬೇಕೆಂದರೆ, ಅವಳು ಮತ್ತೆ ವಕೀಲರ ಮೂಲಕ ನ್ಯಾಯಮಂಡಳಿಗೆ ಅರ್ಜಿ ಹಾಕಿ, ಕಾರಣ ತೋರಿಸಿ, ಅಪ್ಪಣೆ ಪಡೆಯಬೇಕು.